ಮಾತು ಬಂತು, ಪಾಠ ಬಂತೇ?

ಭಾರತದಿಂದ ಪ್ರತಿವರ್ಷ ಕೆಲವು ನೂರು ಮಕ್ಕಳು ದತ್ತಾಗಿ ಹೊರದೇಶಗಳಿಗೆ ಹೋಗುತ್ತಾರೆ. ಎಳೆಗೂಸುಗಳಿಗೆ ಇಲ್ಲೇ ತಂದೆತಾಯಿ ಸಿಗುವುದರಿಂದ, ಕಡಲು ದಾಟುವವರಲ್ಲಿ ಸ್ವಲ್ಪ ದೊಡ್ಡ ಮಕ್ಕಳೂ ವಿಶೇಷ ಆರೈಕೆ ಬೇಕಾದವರೂ ಹೆಚ್ಚು. ಹೊಸ ಮನೆಯ ಪರಿಚಯ ಆಗುವಷ್ಟರಲ್ಲೇ ಇವರು ಹೊಸ ಶಾಲೆಯ ಮೆಟ್ಟಿಲು ಹತ್ತಬೇಕಾಗುತ್ತದೆ. ಮೊದಮೊದಲು ಮೂಲೆಯಲ್ಲಿ ಸುಮ್ಮನೆ ಕೂರುವ ಮಗು ವರ್ಷ ಕಳೆಯುವುದರೊಳಗೆ ಆಟದ ಬಯಲಿನಲ್ಲಿ ಅಲ್ಲಿಯವರಂತೆಯೇ ಹರಟುತ್ತದೆ, ಜಗಳವಾಡುತ್ತದೆ. ‘ಸದ್ಯ, ಹೊಂದಿಕೊಂಡಿತು’ ಎಂದು ಮನೆಯವರೂ ಶಿಕ್ಷಕರೂ ನಿರಾಳವಾಗುತ್ತಾರೆ. ಮೂರು-ನಾಲ್ಕನೇ ತರಗತಿಗೆ ಬರುವಾಗ ಅದೇ ಮಗು ಓದಿನಲ್ಲಿ ಹಿಂದೆ ಬೀಳುತ್ತದೆ. ಆಗ ‘ಸೋಮಾರಿ’, ‘ಗಮನವಿಲ್ಲ’ ಎಂಬ ಮಾತು ಶುರುವಾಗುತ್ತದೆ. ಮಗು ಅರಳು ಹುರಿದಂತೆ ಮಾತಾಡತೊಡಗಿದಾಗ ಶಾಲೆ ತನ್ನ ನೆರವನ್ನು ನಿಲ್ಲಿಸಿಬಿಡುತ್ತದೆ. ನೆರವು ಹೆಚ್ಚು ಬೇಕಾಗುವುದು ಆಮೇಲೆಯೇ ಎನ್ನುವುದು ಈ ಲೇಖನದ ವಾದ.

ಆಡುಮಾತು ಬೇರೆ, ಪಾಠದ ಭಾಷೆ ಬೇರೆ ಎಂಬುದನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ಗುರುತಿಸಿದರು. ಆಡುಮಾತಿಗೆ ಎದುರಿನವರ ಮುಖಭಾವ, ಕೈಸನ್ನೆ, ಕಣ್ಣೆದುರಿನ ವಸ್ತು ಎಲ್ಲವೂ ಆಸರೆ. ವಲಸೆ ಬಂದ ಮಕ್ಕಳಿಗೆ ಅದು ಒಂದೆರಡು ವರ್ಷದಲ್ಲಿ ಒಲಿಯುತ್ತದೆ. ಪಾಠದ ಭಾಷೆಗೆ ಇಂಥ ಆಸರೆಯಿಲ್ಲ. ಅದರಲ್ಲಿ ಓರಗೆಯವರನ್ನು ಸರಿಗಟ್ಟಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಒಂದು ಲೆಕ್ಕ ನೋಡಿ: ‘ಅನ್ನಾಳ ಹತ್ತಿರ 12 ಸೇಬುಗಳಿವೆ. ಅವು ಟಾಮ್‌ನ ಹತ್ತಿರ ಇರುವುದಕ್ಕಿಂತ 4 ಹೆಚ್ಚು. ಹಾಗಾದರೆ ಟಾಮ್‌ನ ಹತ್ತಿರ ಎಷ್ಟಿವೆ?’ ‘ಹೆಚ್ಚು’ ಎಂಬ ಪದ ಕಂಡದ್ದೇ ಮಗು ಕೂಡಿಸಿ 16 ಎಂದು ಬರೆಯುತ್ತದೆ. ಅಲ್ಲೇ ಹುಟ್ಟಿದ ಮಕ್ಕಳೂ ಇಲ್ಲಿ ಎಡವುವುದುಂಟು. ಭಾಷೆ ಇನ್ನೂ ಬಲಿಯದ ಮಗು ಎಡವುವ ಸಂಭವ ಇನ್ನೂ ಹೆಚ್ಚು. ಹನ್ನೆರಡರಲ್ಲಿ ನಾಲ್ಕು ಕಳೆಯಲು ಅದಕ್ಕೆ ಬರುತ್ತದೆ. ‘ಅವು’ ಯಾವುವು, ‘ಇರುವುದಕ್ಕಿಂತ’ ಎಂಬುದು ಯಾರನ್ನು ಯಾರೊಂದಿಗೆ ತೂಗುತ್ತಿದೆ ಎಂಬುದಷ್ಟೇ ತಿಳಿದಿಲ್ಲ. ಶಿಕ್ಷಕರ ಕೆಂಪು ಶಾಯಿ ಮಾತ್ರ ಇದನ್ನು ಲೆಕ್ಕದ ತಪ್ಪೆಂದೇ ಗುರುತು ಹಾಕುತ್ತದೆ.

‘ನಮ್ಮ ಮಕ್ಕಳೂ ಕನ್ನಡದ ಮನೆಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಕಲಿಯುವುದಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ಆದರೆ ಆ ಮಗು ಸಂಜೆ ಮನೆಗೆ ಬಂದರೆ ಅಮ್ಮ ಅದೇ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಒಂದು ಭಾಷೆಯಲ್ಲಿ ಅರ್ಥವಾದದ್ದಕ್ಕೆ ಇನ್ನೊಂದು ಭಾಷೆಯಲ್ಲಿ ಹೆಸರು ಕಲಿತರೆ ಸಾಕು. ಇಟಲಿಗೋ ಸ್ವೀಡನ್ನಿಗೋ ಹೋದ ಮಗುವಿಗೆ ಹಿಂದಿರುಗಲು ಅಂಥ ಭಾಷೆಯೇ ಉಳಿದಿರುವುದಿಲ್ಲ. ರಷ್ಯಾದಿಂದ ಅಮೆರಿಕಕ್ಕೆ ದತ್ತು ಬಂದ ಮಕ್ಕಳೊಂದಿಗೆ ದೀರ್ಘಕಾಲ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಬೋರಿಸ್ ಗಿಂಡಿಸ್, ಆರು ವರ್ಷದವರಲ್ಲೂ ಹುಟ್ಟುಭಾಷೆ ತಿಂಗಳುಗಳಲ್ಲೇ ಕಳಚಿಹೋಗುವುದನ್ನು ಕಂಡಿದ್ದಾರೆ. ಕ್ರಿಸ್ತೋಫ್ ಪಾಲಿಯೆ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಬಂದು ದೊಡ್ಡವರಾದವರಿಗೆ ಕೊರಿಯನ್ ವಾಕ್ಯಗಳನ್ನು ಬೇರೆ ಭಾಷೆಗಳ ನಡುವೆ ಗುರುತಿಸಲೂ ಆಗಲಿಲ್ಲ. ಮಿದುಳಿನ ಸ್ಕ್ಯಾನ್‌ನಲ್ಲೂ, ಕೊರಿಯನ್ ಕೇಳಿದಾಗ ಅವರು ಹುಟ್ಟಾ ಫ್ರೆಂಚರಂತೆಯೇ ಕಂಡರು. ಹಳೆಯದು ಬಿಟ್ಟುಹೋಗಿ ಹೊಸದು ಇನ್ನೂ ಬಲಿಯದ ನಡುಗಾಲದಲ್ಲೇ ಈ ಮಗು ಓದು ಕಲಿಯಬೇಕು.

ಬುದ್ಧಿಯೇ ಕಡಿಮೆ ಇರಬಹುದಲ್ಲ ಎಂಬ ಗುಮಾನಿಗೆ ಉತ್ತರ ನೆದರ್‌ಲ್ಯಾಂಡ್ಸ್‌ನಿಂದ ಬಂದಿದೆ. ಮರಿನಸ್ ವಾನ್ ಐಜೆನ್‌ಡೋರ್ನ್ ಮತ್ತು ಫೆಮ್ಮಿ ಯುಫರ್ 2005ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ 62 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬುದ್ಧಿಮತ್ತೆಯಲ್ಲಿ ದತ್ತು ಮಕ್ಕಳು ಹೊಸ ನೆಲದ ಓರಗೆಯವರಿಗೆ ಸಮ. ಶಾಲೆಯ ಸಾಧನೆಯಲ್ಲಿ ಮಾತ್ರ ತುಸು ಹಿಂದೆ. ಸಾಮರ್ಥ್ಯಕ್ಕೂ ಅಂಕಕ್ಕೂ ನಡುವಿನ ಈ ಕಂದಕಕ್ಕೆ ನಾರ್ವೆಯ ಮೋನಿಕಾ ಡಾಲೆನ್ ಒಂದು ಸುಳಿವು ಕೊಟ್ಟರು: ದಿನಬಳಕೆಯ ಮಾತಿನಲ್ಲಿ ಅಡ್ಡಿಯಿಲ್ಲದ ದತ್ತು ಮಕ್ಕಳಲ್ಲೂ ಕೆಲವರು ಶಾಲಾಭಾಷೆಯಲ್ಲಿ ತಡವರಿಸುತ್ತಿದ್ದರು. ಅವರ ಅಧ್ಯಯನದಲ್ಲಿ ಕೊರಿಯಾದಿಂದ ಬಂದವರು ನಾರ್ವೆಯ ಮಕ್ಕಳಿಗೆ ಸಮನಾಗಿದ್ದರೆ, ಕೊಲಂಬಿಯಾದಿಂದ ಬಂದವರು ಹಿಂದಿದ್ದರು. ಹಾಗಾಗಿ ದತ್ತು ಮಕ್ಕಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ.

ಭಾಷೆಯ ಮಾತಿರಲಿ, ದತ್ತು ಹೋಗುವ ಮುಂಚೆ ಮಗು ಉಂಡ ನೋವಿನ ಮಾತೇನು ಎಂಬ ಆಕ್ಷೇಪಕ್ಕೆ ತೂಕವಿದೆ. 1990ರ ದಶಕದ ಆರಂಭದಲ್ಲಿ ರುಮೇನಿಯಾದಿಂದ ಬ್ರಿಟನ್ನಿಗೆ ದತ್ತು ಬಂದ 165 ಮಕ್ಕಳನ್ನು ಮೈಕೆಲ್ ರಟ್ಟರ್ ತಂಡ ವರ್ಷಗಟ್ಟಲೆ ಗಮನಿಸಿತು. ಅಲ್ಲಿನ ಅನಾಥಾಲಯಗಳ ದುಃಸ್ಥಿತಿಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಳೆದವರಲ್ಲಿ ಹಲವರಿಗೆ ಗಮನ ನಿಲ್ಲಿಸುವ, ಇತರರೊಡನೆ ಬೆರೆಯುವ ತೊಂದರೆ ಉಳಿಯಿತು. ಹಾಗಾಗಿ ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟಲಾಗದು. ಆದರೆ ಪಾಠ ಅರ್ಥವಾಗದ ಮಗುವೂ ಕಿಟಕಿಯಾಚೆ ನೋಡುತ್ತದೆ, ಗಮನ ನಿಲ್ಲದ ಮಗುವೂ ಕಿಟಕಿಯಾಚೆ ನೋಡುತ್ತದೆ. ಎರಡನ್ನೂ ಬೇರ್ಪಡಿಸಬೇಕಾದರೆ ಹುಟ್ಟುಭಾಷೆ ಮಾಸುವ ಮುನ್ನ, ಅದೇ ಭಾಷೆಯಲ್ಲಿ ಮಗುವನ್ನು ಪರೀಕ್ಷಿಸಿರಬೇಕು. ಗಿಂಡಿಸ್ ಒತ್ತಾಯಿಸುವುದೂ ಇದನ್ನೇ. ಕರ್ನಾಟಕದಿಂದ ಹೊರಡುವ ಮಗುವಿನ ಕನ್ನಡವನ್ನು ಅಳೆಯಬಲ್ಲ ತಜ್ಞರನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ತಯಾರು ಮಾಡುತ್ತದೆ. ವಿಮಾನ ಹತ್ತುವ ಮೊದಲು ಅಂಥದ್ದೊಂದು ವರದಿ ಕಡತ ಸೇರಿದರೆ, ಮುಂದಿನ ಶಾಲೆಗೆ ಅದೊಂದು ಅಳತೆಗೋಲು.

ಇಷ್ಟು ವರ್ಷ ವಿಶೇಷ ನೆರವು ಕೊಟ್ಟರೆ ಮಗುವಿಗೆ ಹಣೆಪಟ್ಟಿ ಅಂಟುವುದಿಲ್ಲವೇ? ಬೇರೆ ಕೋಣೆಗೆ ಕರೆದೊಯ್ದರೆ ಅಂಟೀತು. ಆದರೆ ಬೇಕಿರುವ ನೆರವಿನ ಬಹುಪಾಲು ತರಗತಿಯೊಳಗೇ, ಎಲ್ಲರಿಗೂ ಕೊಡುವಂಥದ್ದು: ಪಾಠಕ್ಕೆ ಮೊದಲು ಹೊಸ ಪದಗಳನ್ನು ಚಿತ್ರ ಬಿಡಿಸಿ ತೋರಿಸುವುದು, ಇಂಗ್ಲಿಷಿನ ‘ಟೇಬಲ್’ ಊಟದ ಮೇಜೂ ಹೌದು, ಮಗ್ಗಿಯೂ ಹೌದು, ಅಂಕಿಅಂಶದ ಕೋಷ್ಟಕವೂ ಹೌದು ಎಂದು ಬಿಡಿಸಿ ಹೇಳುವುದು, ‘ಅರ್ಥವಾಯಿತೇ?’ ಎಂದು ಕೇಳಿ ‘ಹೂಂ’ ಎನಿಸಿಕೊಳ್ಳುವ ಬದಲು ‘ನೀನೇ ಹೇಳು’ ಎನ್ನುವುದು. 16 ಎಂದು ಬರೆದ ಮಗುವಿಗೆ ಇನ್ನೂ ಹತ್ತು ಕೂಡುವ-ಕಳೆಯುವ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಯಾರ ಹತ್ತಿರ ಕಡಿಮೆ ಸೇಬುಗಳಿವೆ ಎಂದು ಕೇಳಿ ಕಾಯಬೇಕು. ‘ಟಾಮ್‌ನ ಹತ್ತಿರ’ ಎಂಬ ಉತ್ತರ ಬಂದರೆ, ಎಂಟು ಎಂಬುದನ್ನು ಮಗು ತಾನೇ ಬರೆದುಕೊಳ್ಳುತ್ತದೆ.