ಮೂರು ತಿಂಗಳ ಮಟ್ಟಿಗೆ ಒಂದು ಚೀಲ

ಗುದನಾಳದ ಕ್ಯಾನ್ಸರ್, ಆಪರೇಷನ್ ಆಗಬೇಕು ಎಂದಾಗ ಮನೆಯವರು ಹೇಗೋ ಧೈರ್ಯ ತಂದುಕೊಳ್ಳುತ್ತಾರೆ. "ಸ್ವಲ್ಪ ದಿನ ಹೊಟ್ಟೆ ಮೇಲೆ ಚೀಲ ಇರುತ್ತೆ" ಎಂದು ಡಾಕ್ಟರು ಸೇರಿಸಿದರೋ, ಆ ಧೈರ್ಯ ಉಡುಗಿಹೋಗುತ್ತದೆ. "ಅಯ್ಯೋ, ಹೊಟ್ಟೆಯಿಂದ ಮಲ ಬರೋದಾ? ಆಪರೇಷನ್ನೇ ಬೇಡ" ಎಂದು ತುಮಕೂರಿನಿಂದ ಗುಬ್ಬಿಗೋ ಕುಣಿಗಲ್ಲಿಗೋ ಬಸ್ಸು ಹತ್ತಿಬಿಡುವವರೂ ಉಂಟು. ಸೋದರಿಯರೇ, ಹತ್ತುವ ಮೊದಲು ಇದನ್ನಿಷ್ಟು ಓದಿ.

ಗಡ್ಡೆಯ ಭಾಗವನ್ನು ತೆಗೆದ ಮೇಲೆ ಕರುಳಿನ ಎರಡು ತುದಿಗಳನ್ನು ಸೇರಿಸಿ ಹೊಲಿಯುತ್ತಾರೆ. ಗಡ್ಡೆ ಗುದದ್ವಾರಕ್ಕೆ ಹತ್ತಿರವಿದ್ದಷ್ಟೂ ಆ ಹೊಲಿಗೆ ಸೋರುವ ಭಯ ಹೆಚ್ಚು. ಸೋರಿದರೆ ಜೀವಕ್ಕೇ ಸಂಚಕಾರ. ಹೊಸದಾಗಿ ಗಾರೆ ಹಾಕಿದ ನೆಲ ಒಣಗುವವರೆಗೆ ಮಕ್ಕಳನ್ನು ಹಿತ್ತಿಲ ಬಾಗಿಲಿನಿಂದ ಓಡಾಡಿಸುವುದಿಲ್ಲವೇ? ಇದೂ ಹಾಗೆಯೇ. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಏರ್ಪಾಡಿಲ್ಲದವರಲ್ಲಿ ಶೇ. 28 ಮಂದಿಗೆ ಹೊಲಿಗೆ ಸೋರಿತ್ತು, ಇದ್ದವರಲ್ಲಿ ಶೇ. 10ರಷ್ಟು ಮಂದಿಗೆ ಮಾತ್ರ.

ಸಾಮಾನ್ಯವಾಗಿ ಸಣ್ಣ ಕರುಳಿನ ಕೊನೆಯ ಭಾಗದ ಒಂದು ಮಡಿಕೆಯನ್ನು ಹೊಟ್ಟೆಯ ಬಲಗಡೆ ಕೆಳಗೆ ಹೊರಕ್ಕೆಳೆದು, ಬಾಯಿ ತೆರೆದು, ಅಂಚನ್ನು ಚರ್ಮಕ್ಕೆ ಹೊಲಿಯುತ್ತಾರೆ. ಇದಕ್ಕೆ ಲೂಪ್ ಇಲಿಯಾಸ್ಟಮಿ ಎಂದು ಹೆಸರು. ಮಡಿಕೆ ಒಳಕ್ಕೆ ಜಾರದಂತೆ ಕೆಲವರು ಅದರಡಿ ಸಣ್ಣ ಕಡ್ಡಿಯೊಂದನ್ನು ಕೆಲವು ದಿನ ಇಡುವುದುಂಟು. ದೊಡ್ಡ ಕರುಳಿನ ಮಡಿಕೆಯನ್ನು ತೆಗೆದರೆ ಅದು ಕೊಲಾಸ್ಟಮಿ. ವಾಸನೆ ಜಾಸ್ತಿ, ಆದರೆ ಮೈಯ ನೀರು ಅಷ್ಟು ಹೋಗದು.

ಆಪರೇಷನ್ನಿಗೆ ಮೊದಲೇ ಒಂದು ಮಾತು ಕೇಳಿ: "ಜಾಗ ಎಲ್ಲಿ ಗುರುತು ಮಾಡ್ತೀರಿ?" ಸೀರೆಯುಟ್ಟು, ಕೂತು, ಬಗ್ಗಿ ತೋರಿಸಿ. ಲಂಗದ ಲಾಡಿ ಬೀಳುವ ಗೆರೆಯ ಮೇಲೇ ಚೀಲ ಬಂದರೆ ದಿನವಿಡೀ ಹಿಂಸೆ. ಇದನ್ನು ಗಂಡಸು ಡಾಕ್ಟರಿಗೆ ಹೇಳಲು ನಾಚಿಕೆಯಾದರೆ ನರ್ಸಮ್ಮನಿಗೆ ಹೇಳಿ.

ಆ ಕರುಳ ಬಾಯಿ ನಮ್ಮ ಬಾಯೊಳಗಿನ ಹಾಗೆ ಕೆಂಪಗೆ, ಒದ್ದೆಯಾಗಿ ಇರಬೇಕು. ಮುಟ್ಟಿದರೆ ನೋವಿಲ್ಲ. ಕಪ್ಪಾದರೆ ಕೂಡಲೇ ಆಸ್ಪತ್ರೆಗೆ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಅಂಟುಪಟ್ಟಿಯ ರಂಧ್ರ ದೊಡ್ಡದಾಗಿದ್ದರೆ ಜೀರ್ಣರಸ ತಾಗಿ ಚರ್ಮ ಬೆಂದಂತಾಗುತ್ತದೆ; ಅಳತೆ ನೋಡಿಯೇ ಕತ್ತರಿಸಿ. ಸ್ನಾನಕ್ಕೆ ಅಡ್ಡಿಯಿಲ್ಲ. ಹಳೆಯ ದಾರಿಯಲ್ಲಿ ಆಗಾಗ ಲೋಳೆ ಬಂದರೆ ಗಾಬರಿ ಬೇಡ.

ಇನ್ನು ಊಟದ ವಿಚಾರ. ನಮ್ಮದು ತೆಂಗಿನ ಸೀಮೆ ನೋಡಿ, ಸುಸ್ತು ಅಂದರೆ ಎಳನೀರು ಕೊಟ್ಟುಬಿಡುತ್ತೇವೆ. ಇಲಿಯಾಸ್ಟಮಿಯವರಿಗೆ ಅದೊಂದೇ ಸಾಲದು. ಅವರು ಕಳೆದುಕೊಳ್ಳುವುದು ನೀರಿನ ಜೊತೆ ಉಪ್ಪನ್ನು. ಎಳನೀರಿನಲ್ಲಿ ಸೋಡಿಯಂ ಕಡಿಮೆ. ಬರೀ ನೀರನ್ನು ಚೊಂಬುಗಟ್ಟಲೆ ಕುಡಿಸಿದರೆ ಚೀಲಕ್ಕೆ ಹೋಗುವುದೇ ಹೆಚ್ಚಾದೀತು. ಒಂದು ಲೀಟರಿನ ಓ.ಆರ್.ಎಸ್. ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೆ ಕದಡಿ, ಗುಟುಕು ಗುಟುಕಾಗಿ ಕೊಡಿ. ಬಿ.ಪಿ., ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಉಪ್ಪು ಹಾಕಿದ ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು ಒಳ್ಳೆಯದು. ಮೊದಲ ಆರು ವಾರ ಕೊಬ್ಬರಿ, ಮುಸುಕಿನ ಜೋಳ, ಸಿಪ್ಪೆಯ ಅವರೆಕಾಳು ಬೇಡ. ಚೇಳೂರಿನ ಹಲಸು ಎಷ್ಟೇ ಘಮಘಮಿಸಲಿ, ಅದರ ನಾರು ಸಿಕ್ಕಿಕೊಂಡೀತು. ಚೀಲಕ್ಕೆ ಏನೂ ಬಾರದೆ ಹೊಟ್ಟೆನೋವು, ವಾಂತಿ ಶುರುವಾದರೆ ಕಾಯಬೇಡಿ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋಗಿ, ತಲೆಸುತ್ತು ಬಂದು ಮೂತ್ರ ಕಡಿಮೆಯಾದರೂ ಅಷ್ಟೇ.

ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವವರು ಕೈಚೀಲದಲ್ಲಿ ಮೊದಲೇ ಕತ್ತರಿಸಿಟ್ಟ ಒಂದು ಸ್ಟೋಮಾ ಚೀಲ, ಒದ್ದೆ ಬಟ್ಟೆ, ಪ್ಲಾಸ್ಟಿಕ್ ಕವರು ಇಟ್ಟುಕೊಳ್ಳಿ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್; ಗುಬ್ಬಿಯವರಿಗೆ ಇನ್ನೂ ಇಪ್ಪತ್ತು ಜಾಸ್ತಿ. ಬಿ.ಪಿ.ಎಲ್. ಕಾರ್ಡಿದ್ದರೆ ಆಯುಷ್ಮಾನ್ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲೇ ವಿಚಾರಿಸಿ.

ಮುಚ್ಚುವುದು ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ, ಒಳಗಿನ ಹೊಲಿಗೆ ಕೂಡಿದೆಯೇ ಎಂದು ಪರೀಕ್ಷಿಸಿದ ಮೇಲೆ. ಕಿಮೋಥೆರಪಿ ಇದ್ದರೆ ತಡವಾದೀತು. ಕೆಲವರಿಗೆ ಮುಚ್ಚಲಾಗದೆಯೂ ಇರಬಹುದು. ಆ ಮಾತನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಕೆಲವು ತಿಂಗಳು ದಿನಕ್ಕೆ ಹಲವು ಸಲ ಕಕ್ಕಸಿಗೆ ಓಡುವಂತಾಗುತ್ತದೆ. ಅದಕ್ಕಾಗಿ ಗುದದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಯಾವಾಗ ಶುರುಮಾಡಬೇಕೆಂದು ಡಾಕ್ಟರನ್ನು ಕೇಳಿ, ಚೀಲ ಇರುವಾಗಲೇ ರೂಢಿಸಿಕೊಳ್ಳಬಹುದು. ಕೂತಲ್ಲೇ, ಸೊಪ್ಪು ಸೋಸುತ್ತಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.