ಬಾಂಟ್ವಾದ ಬೀದಿಯ ಒಂದು ಫೋಟೊ

ಬಜ್ಪೆ ವಿಮಾನ ನಿಲ್ದಾಣದ ಹೊರಗೆ ನಿಂತು ಕಣ್ಣೊರೆಸಿಕೊಳ್ಳುವುದು ನಮ್ಮ ಬ್ಯಾರಿ ಮನೆಗಳಿಗೆ ಹೊಸತಲ್ಲ. ಹೆಚ್ಚಿನ ಮನೆಗಳಿಂದ ಯಾರಾದರೊಬ್ಬರು ಗಲ್ಫಿಗೆ ಹೋದವರೇ. ಫೋನ್ ದುಬಾರಿಯಾಗಿದ್ದ ಕಾಲದಲ್ಲಿ ಅವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಕಳಿಸುತ್ತಿದ್ದರು. ಉಮ್ಮಂದಿರು ಅದನ್ನು ಎಷ್ಟು ಸಲ ಹಾಕಿ ಕೇಳಿದ್ದಾರೋ ಲೆಕ್ಕವಿಲ್ಲ. ಆದರೆ ಅಲ್ಲಿಂದ ಊರಿಗೆ ಹೊರಡುವಾಗಲೂ ಕಣ್ಣು ಒದ್ದೆಯಾಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಾವು ಮೂವರು. ಒಬ್ಬ ದೇರಳಕಟ್ಟೆಯವ, ಒಬ್ಬ ಉಳ್ಳಾಲದವ, ಇನ್ನೊಬ್ಬ ಬಂಟ್ವಾಳದವ. ಇಂಟರ್ನ್‌ಶಿಪ್ ಅಂತ ಆರು ತಿಂಗಳು ದುಬೈಯ ದೇರಾದಲ್ಲಿದ್ದೆವು. ಸರಕು ಸಾಗಾಟದ ಒಂದು ಕಚೇರಿಯಲ್ಲಿ ಬಿಲ್ಲು, ದಾಖಲೆ ತಾಳೆ ನೋಡುವ ಕೆಲಸ. ವಾಸ ಬೆಡ್ ಸ್ಪೇಸ್‌ನಲ್ಲಿ. ಅಂದರೆ ರೂಮಿನಲ್ಲಿ ನಮ್ಮದು ಅಂತ ಇದ್ದದ್ದು ಒಂದು ಮಂಚ, ಮಂಚದ ಕೆಳಗಿನ ಜಾಗ, ಅಷ್ಟೇ.

ಮೊದಲ ವಾರವೇ ಕಚೇರಿಯಲ್ಲಿ ನಮ್ಮ ಉರ್ದು ನಗೆಪಾಟಲಾಯಿತು. 'ಮೇರಾ ಗಾಡಿ' ಅಂದರೆ ನಗು, 'ಅಚ್ಛಾ ಚಾಯ್' ಅಂದರೂ ನಗು. ಭಾರತದ ಮುಸ್ಲಿಮರೆಂದ ಮೇಲೆ ಮನೆಯಲ್ಲಿ ಉರ್ದು ಇರಲೇಬೇಕು ಎಂದು ಅವರ ಲೆಕ್ಕ. ನಮ್ಮದು ಬ್ಯಾರಿ ಭಾಷೆ, ಅದಕ್ಕೊಂದು ಸಾಹಿತ್ಯ ಅಕಾಡಮಿಯೂ ಉಂಟು, 2011ರ 'ಬ್ಯಾರಿ' ಸಿನೆಮಾಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ ಎಂದೆಲ್ಲ ಹೇಳಿದರೂ ಯಾರೂ ನಂಬುವ ಹಾಗೆ ಕಾಣಲಿಲ್ಲ. ಆಗ ಪಕ್ಕದ ಮೇಜಿನಿಂದ ಒಬ್ಬ ಹೇಳಿದ, "ನನ್ನ ಮನೆಯಲ್ಲೂ ಉರ್ದು ಇಲ್ಲ. ನಾವು ಮೇಮನ್‌ಗಳು, ಮನೆಯಲ್ಲಿ ಮೇಮನಿ."

ಅವನು ಕರಾಚಿಯವ. ನಮ್ಮದೇ ವಯಸ್ಸು. ಊರು ಯಾವುದು ಅಂತ ಕೇಳಿದ. ಬಂಟ್ವಾಳ ಅಂದದ್ದೇ ತಡ, ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟ. "ಬಾಂಟ್ವಾ?" ಎಂದ.

ಗುಜರಾತಿನ ಜುನಾಗಢ ಜಿಲ್ಲೆಯಲ್ಲಿ ಬಾಂಟ್ವಾ ಎಂಬ ಊರಿದೆ. ವ್ಯಾಪಾರಸ್ಥ ಮೇಮನ್‌ಗಳ ಊರು ಅದು. ಪಾಕಿಸ್ತಾನದ ದೊಡ್ಡ ಸಮಾಜಸೇವಕ ಅಬ್ದುಲ್ ಸತ್ತಾರ್ ಈದಿ ಹುಟ್ಟಿದ್ದು ಅಲ್ಲೇ, 1928ರಲ್ಲಿ. 1947ರಲ್ಲಿ ಅಲ್ಲಿನ ಮೇಮನ್ ಕುಟುಂಬಗಳು ಕರಾಚಿಗೆ ಹೋದವು. ನಮ್ಮ ಗೆಳೆಯನ ಅಜ್ಜಿ ಆಗ ಸಣ್ಣ ಹುಡುಗಿ. ಮನೆಯೆದುರಿನ ಬೇವಿನ ಮರ ಬಿಟ್ಟರೆ ಅವರಿಗೆ ಹೆಚ್ಚೇನೂ ನೆನಪಿಲ್ಲವಂತೆ, ಆದರೆ ಆ ಮರದ ಸುದ್ದಿ ದಿನಕ್ಕೊಮ್ಮೆ ಬಂದೇ ಬರುತ್ತದಂತೆ. ಬಂಟ್ವಾಳಕ್ಕೂ ಬಾಂಟ್ವಾಕ್ಕೂ ಸಂಬಂಧ ಏನೇನೂ ಇಲ್ಲ ಎಂದು ನಾವು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಆರು ತಿಂಗಳೂ ನಮ್ಮವನನ್ನು "ಊರಿನವ" ಅಂತಲೇ ಕರೆದ.

ಹೊರಡುವ ವಾರ ಬಂತು. ರೂಮಿನ ಕಾಸರಗೋಡಿನವರೊಂದಿಗೆ ಬೀಳ್ಕೊಡುಗೆ ಎಂಬುದೇ ಇಲ್ಲ. ಅವರು ರಜೆಗೆ ಬಂದರೆ ಹಂಪನಕಟ್ಟೆಯಲ್ಲೇ ಸಿಗುತ್ತಾರೆ. ಮಂಗಳೂರಿನ ಕಾಕಂದಿರು "ಒಂದು ಸಣ್ಣ ಕಟ್ಟು ಉಂಟು ಮಾರಾಯ, ಮನೆಗೆ ಮುಟ್ಟಿಸು" ಎಂದು ಬಾದಾಮಿ, ಹಾಲಿನ ಪುಡಿ, ಟೈಗರ್ ಬಾಮ್ ತಂದುಕೊಟ್ಟರು. ಮೂವತ್ತು ಕಿಲೊ ಲಗೇಜಿನಲ್ಲಿ ನಮ್ಮದು ಎಷ್ಟಿತ್ತೆಂದು ಕೇಳಬೇಡಿ. ಕಚೇರಿಯ ಫಿಲಿಪೀನ್ಸಿನ ಅಕ್ಕ ಪಾನ್ಸಿತ್ ನೂಡಲ್ಸ್ ಮಾಡಿ ತಂದಿದ್ದರು.

ಕರಾಚಿಯವನದ್ದು ಮಾತ್ರ ಬೇರೆ ಕತೆ. ಅವನ ಮನೆಗೆ ನಾವು ಹೋಗುವ ಹಾಗಿಲ್ಲ, ನಮ್ಮಲ್ಲಿಗೆ ಅವನು ಬರುವ ಹಾಗಿಲ್ಲ. ಸಂಜೋತಾ ರೈಲು ನಿಂತದ್ದು 2019ರಲ್ಲಿ. 2025ರ ಏಪ್ರಿಲ್‌ನಲ್ಲಿ ಅಟಾರಿ ಗಡಿಯೂ ಮುಚ್ಚಿತು, ವೀಸಾವೂ ನಿಂತಿತು. ಆ ದಿನಗಳ ಸುದ್ದಿ ಟಿವಿಯಲ್ಲಿ ಬಂದರೆ ಕಚೇರಿಯಲ್ಲಿ ಯಾರಾದರೂ ಎದ್ದು ಚಾನೆಲ್ ಬದಲಿಸುತ್ತಿದ್ದರು. ಯಾರು ಅಂತ ಯಾರೂ ನೋಡುತ್ತಿರಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯಲು ನಮಗಿದ್ದದ್ದು ಪರರ ದೇಶದ ಈ ಊರು ಮಾತ್ರ. ಅದನ್ನೇ ಬಿಟ್ಟು ಹೊರಟಿದ್ದೆವು.

ಕೊನೆಯ ಸಂಜೆ ನಾಲ್ವರೂ ಕ್ರೀಕ್ ದಾಟುವ ಅಬ್ರಾ ದೋಣಿ ಹತ್ತಿದೆವು. ಒಬ್ಬರಿಗೆ ಒಂದು ದಿರ್ಹಮ್. ಬರ್ ದುಬೈ ಬದಿಗೆ ಹೋಗಿ, ಜವಳಿ ಪೇಟೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿ, ಕರಕ್ ಚಹಾ ಕುಡಿದು ವಾಪಸಾದೆವು. ಎರಡೂ ಸಲ ಅವನೇ ದುಡ್ಡು ಕೊಟ್ಟ. ಇಳಿದ ಮೇಲೆ ನಮ್ಮ ಬಾಯಿಗೆ ಅಭ್ಯಾಸದಿಂದ ಬಂದದ್ದು 'ಹೋಗಿ ಬರ್ತೇವೆ'. ಅರ್ಥ ಕೇಳಿದ, ಹೇಳಿದೆವು. ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತವನು, "ನನ್ನ ಬದಲಿಗೆ ಬಾಂಟ್ವಾಕ್ಕೆ ಹೋಗಿ ಬನ್ನಿ" ಎಂದ. "ಒಂದು ಫೋಟೊ ತೆಗೆದು ಕಳಿಸಿ. ಮರ ಇಲ್ಲದಿದ್ದರೆ ಬೀದಿಯದ್ದಾದರೂ ಸಾಕು. ಅಜ್ಜಿಗೆ ತೋರಿಸಬೇಕು."

ನಕ್ಷೆಯಲ್ಲಿ ನೋಡಿದರೆ ಬಾಂಟ್ವಾ ನಮಗಿಂತ ಕರಾಚಿಗೇ ಹತ್ತಿರ. ಅರ್ಧದಷ್ಟು ದೂರವೂ ಇಲ್ಲ.

ಊರಿಗೆ ಬಂದು ಮೂರು ತಿಂಗಳಾಯಿತು. ದುಬೈಯಲ್ಲಿ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ, ಹಾಗಾಗಿ ಅವನು ಧ್ವನಿ ಸಂದೇಶ ಕಳಿಸುತ್ತಾನೆ. ಉಮ್ಮ ಕೇಳಿ, "ನಿಮ್ಮ ಕಾಲಕ್ಕೂ ಕ್ಯಾಸೆಟ್ಟೇ ಬಂತಲ್ಲ" ಎಂದು ನಕ್ಕರು. ಕಳೆದ ವಾರ ಬಂದದ್ದರಲ್ಲಿ ಅವನ ಅಜ್ಜಿಯ ಧ್ವನಿ ಇತ್ತು, ಕರಾಚಿಯಿಂದ ತರಿಸಿ ನಮಗೆ ಕಳಿಸಿದ್ದ. ಮೇಮನಿಯಲ್ಲಿ ಏನೋ ಹೇಳುತ್ತಾರೆ. ನಮಗೆ ತಿಳಿದದ್ದು 'ಬಾಂಟ್ವಾ' ಎಂಬ ಒಂದೇ ಶಬ್ದ.

ವೆರಾವಲ್‌ಗೆ ಹೋಗುವ ವಾರಕ್ಕೊಮ್ಮೆಯ ರೈಲು ಮಂಗಳೂರು ಜಂಕ್ಷನ್ ಮೂಲಕವೇ ಹೋಗುತ್ತದೆ, ಜುನಾಗಢದಲ್ಲಿ ಇಳಿಯಬಹುದು. ಪರೀಕ್ಷೆ ಮುಗಿದ ವಾರವೇ ಹೊರಡುವುದೆಂದು ಮಾಡಿದ್ದೇವೆ. ಬಂಟ್ವಾಳದವನ ಮನೆಯಲ್ಲಿ ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ಗುರುತಿಲ್ಲದ ಊರಿನ ಮರ ಹುಡುಕಲು ಅಷ್ಟು ದೂರ ಯಾಕೆ ಅಂತ ಅವನ ಉಮ್ಮ ಕೇಳುತ್ತಿದ್ದಾರೆ. ಆ ಧ್ವನಿ ಸಂದೇಶ ಅವರಿಗೊಮ್ಮೆ ಕೇಳಿಸಬೇಕು.