ಇಂಗ್ಲಿಷ್ ಕ್ರಿಯಾಪದಗಳ ಕಾಲ ಮತ್ತು ಆಯುಸ್ಸು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕನ್ನಡ ಮಾಧ್ಯಮದ ಶಾಲೆಗಳಿಂದ ವಿಜ್ಞಾನ ಶಾಖೆಗೆ ಬರುವ ವಿದ್ಯಾರ್ಥಿಯು ಮೊದಲು ತಡವರಿಸುವುದು ನ್ಯೂಟನ್ನನ ನಿಯಮಗಳಲ್ಲಲ್ಲ, ಪ್ರಯೋಗದ ದಾಖಲೆ ಪುಸ್ತಕದಲ್ಲಿ. ನೀರನ್ನು ಕಾಯಿಸಲಾಯಿತು, ಉಪ್ಪನ್ನು ಬೆರೆಸಲಾಯಿತು, ದ್ರಾವಣವನ್ನು ತಣಿಸಲಾಯಿತು ಎಂಬುದನ್ನು ಅವನು ಇಂಗ್ಲಿಷಿನಲ್ಲಿ ಬರೆಯಬೇಕು. ಹೇಗೋ ಬರೆಯುತ್ತಾನೆ. ಓದಿ ಹೇಳೆಂದರೆ ‘ಹೀಟೆಡ್’, ‘ಮಿಕ್ಸೆಡ್’, ‘ಕೂಲೆಡ್’ ಎನ್ನುತ್ತಾನೆ. ಮೊದಲನೆಯದು ಸರಿ; ಉಳಿದೆರಡು ಸರಿಯಲ್ಲ. ನಗುವವರು ಹಲವರು, ಕಾರಣ ಹೇಳುವವರು ವಿರಳ. ಆ ನಗೆಗೆ ಅಂಜಿ ಬಾಯಿ ಮುಚ್ಚಿದ ಹುಡುಗನು ಭೌತವಿಜ್ಞಾನದ ತರಗತಿಯಲ್ಲಿಯೂ ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ. ಆದಕಾರಣ ಇದು ವ್ಯಾಕರಣದ ಉಪಾಧ್ಯಾಯರಿಗೆ ಮಾತ್ರ ಬಿಟ್ಟ ವಿಷಯವಲ್ಲವೆಂದು ನಾನು ಬಗೆದಿದ್ದೇನೆ.

ಇಂಗ್ಲಿಷಿನ ಕ್ರಮಬದ್ಧ ಕ್ರಿಯಾಪದದ ಯಂತ್ರವು ಅತ್ಯಂತ ಸರಳವಾದುದು. ‘ವರ್ಕ್’ ಎಂಬ ಧಾತುವಿಗೆ ಒಟ್ಟು ನಾಲ್ಕೇ ರೂಪಗಳು: ‘ವರ್ಕ್’, ‘ವರ್ಕ್ಸ್’, ‘ವರ್ಕಿಂಗ್’, ಮತ್ತು ಕೊನೆಗೆ ಇ-ಡಿ ಅಕ್ಷರಗಳನ್ನು ಹಚ್ಚಿದ ಭೂತರೂಪ. ‘ಬಿ’, ‘ಹ್ಯಾವ್’, ‘ವಿಲ್’ ಎಂಬ ಸಹಾಯಕ ಪದಗಳು ಜೊತೆಗೂಡಿದರೆ, ಶಾಲೆಯ ಪುಸ್ತಕಗಳು ಎಣಿಸುವ ಹನ್ನೆರಡು ಕಾಲರೂಪಗಳೂ ಈ ನಾಲ್ಕರಿಂದಲೇ ಸಿದ್ಧವಾಗುತ್ತವೆ. ಕನ್ನಡದಲ್ಲಾದರೋ ಮಾಡಿದೆನು, ಮಾಡಿದೆ, ಮಾಡಿದನು, ಮಾಡಿದಳು, ಮಾಡಿತು ಎಂದು ಕರ್ತೃವಿಗೆ ತಕ್ಕಂತೆ ಕೊನೆಯು ಬದಲಾಗುತ್ತದೆ. ಇಷ್ಟನ್ನು ತಾಯಿಯ ಮಡಿಲಲ್ಲಿಯೇ ಕಲಿತವನಿಗೆ ಆ ನಾಲ್ಕು ರೂಪಗಳು ಭಾರವಾಗಬಾರದು.

ಹೊಸತೆಂದು ತೋರುವ ಸಂಯುಕ್ತ ಕಾಲಗಳೂ ನಮ್ಮ ಸೀಮೆಯವರಿಗೆ ಹೊಸತಲ್ಲ. ಬರುವ ಕ್ರಿಯೆ ನಡೆದಿರುವಾಗ ನಾವು ‘ಬರಾಕತ್ತಾನ’ ಎನ್ನುತ್ತೇವೆ. ‘ಹತ್ತು’ ಎಂಬುದು ಇಲ್ಲಿ ಸಹಾಯಕ ಕ್ರಿಯಾಪದ. ಬಂದು ಇಲ್ಲಿಯೇ ಇದ್ದರೆ ‘ಬಂದಾನ’; ಬರಿಯ ಹಿಂದಿನ ಸಂಗತಿಯಾದರೆ ‘ಬಂದ’. ‘ಈಸ್ ಕಮಿಂಗ್’, ‘ಹ್ಯಾಸ್ ಕಮ್’, ‘ಕೇಮ್’ ಎಂಬವುಗಳ ಅಂತರ ಇದೇ. ಗ್ರಾಂಥಿಕ ಕನ್ನಡದ ‘ಬಂದಾನು’ ಎಂಬುದು ಬೇರೆ. ಅದು ಸಂಭಾವನೆಯನ್ನು ಹೇಳುತ್ತದೆ. ಆಡುಮಾತನ್ನು ಅಶುದ್ಧವೆಂದು ತಳ್ಳುವವರು ಇಂತಹ ಉಪಕರಣವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಇನ್ನು ಉಚ್ಚಾರಣೆಯ ಮಾತು. ಓದುಗನು ತನ್ನ ಕೊರಳ ಮೇಲೆ ಎರಡು ಬೆರಳಿಟ್ಟು ‘ಸ್‌ಸ್‌ಸ್’ ಎನ್ನಲಿ, ಅನಂತರ ‘ಲ್‌ಲ್‌ಲ್’ ಎನ್ನಲಿ. ಎರಡನೆಯದರಲ್ಲಿ ಬೆರಳಿಗೆ ಕಂಪನ ತಿಳಿಯುತ್ತದೆ. ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 150 ಬಾರಿ ಅದುರುವುದೇ ಇದಕ್ಕೆ ಕಾರಣ. ‘ಸ್’ ಎನ್ನುವಾಗ ಅವು ಬೇರ್ಪಟ್ಟು ಸುಮ್ಮನಿರುತ್ತವೆ. ನಮ್ಮ ವರ್ಣಮಾಲೆಯು ಇದನ್ನೇ ಅಘೋಷ, ಘೋಷ ಎಂದು ವಿಂಗಡಿಸಿದೆ. ಟವರ್ಗದಲ್ಲಿ ‘ಟ’ ಅಘೋಷ, ‘ಡ’ ಘೋಷ. ‘ಮಿಕ್ಸ್’ ಎಂಬುದರ ಕೊನೆಗೆ ತಂತುಗಳು ನಿಶ್ಚಲವಾಗಿರುವುದರಿಂದ ಮುಂದೆ ಬರುವ ‘ಡ್’ ತನ್ನ ಘೋಷವನ್ನು ಕಳೆದುಕೊಂಡು ‘ಮಿಕ್ಸ್ಟ್’ ಎಂದಾಗುತ್ತದೆ. ‘ವರ್ಕ್’ ಎಂಬುದೂ ಹಾಗೆಯೇ ‘ವರ್ಕ್ಟ್’. ‘ಕೂಲ್’ ಎಂಬಲ್ಲಿ ಕಂಪನವಿದೆ, ಆದುದರಿಂದ ‘ಕೂಲ್ಡ್’. ‘ಹೀಟ್’ ಎಂಬುದರ ಕೊನೆಯಲ್ಲಿಯೇ ‘ಟ್’ ಇರುವುದರಿಂದ ಅದೇ ಸ್ಥಾನದ ‘ಡ್’ ಕಿವಿಗೆ ಬೇರೆಯಾಗಿ ಕೇಳಿಸದು. ನಡುವೆ ಒಂದು ಸ್ವರ ನುಸುಳಿ ‘ಹೀಟೆಡ್’ ಆಗುತ್ತದೆ. ಸಂಧಿ ಪ್ರಕರಣವನ್ನು ಓದಿದವರು ವಾಕ್ ಮತ್ತು ಈಶ ಸೇರಿ ವಾಗೀಶವಾಗುವುದನ್ನು ನೆನೆಯಬಹುದು. ಅಲ್ಲಿ ಘೋಷವು ಹಿಂದಿನ ಅಕ್ಷರಕ್ಕೆ ಹರಡಿತು, ಇಲ್ಲಿ ಅಘೋಷವು ಮುಂದಿನದಕ್ಕೆ ಹರಡಿತು. ದಿಕ್ಕು ಮಾತ್ರ ತಿರುಗುಮುರುಗು.

ಈ ನಿಯಮವನ್ನು ಇಂಗ್ಲಿಷ್ ಮಕ್ಕಳು ಉರುಹೊಡೆದು ಕಲಿಯುವುದಿಲ್ಲ. 1958ರಲ್ಲಿ ಪ್ರಕಟವಾದ ಜೀನ್ ಬರ್ಕೋ ಅವರ ಪ್ರಸಿದ್ಧ ಪ್ರಯೋಗದಲ್ಲಿ ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ‘ರಿಕ್’ ಎಂಬಂತಹ ಕಲ್ಪಿತ ಕ್ರಿಯಾಪದಗಳನ್ನು ಕೊಟ್ಟು, ನಿನ್ನೆಯ ಸಂಗತಿಯಾದರೆ ಏನೆನ್ನುವಿರೆಂದು ಕೇಳಲಾಯಿತು. ಎಂದೂ ಕೇಳದ ಪದಕ್ಕೆ ಅನೇಕ ಮಕ್ಕಳು ‘ರಿಕ್ಟ್’ ಎಂದೇ ಉತ್ತರಿಸಿದರು.

ಹಾಗಾದರೆ ‘ಗೋ’ ಎಂಬುದು ‘ವೆಂಟ್’ ಆಗುವುದೇಕೆ? ಇಲ್ಲಿ ಭೌತವಿಜ್ಞಾನಿಗೆ ಪರಿಚಿತವಾದ ಒಂದು ನಿಯಮ ಎದುರಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರೆಜ್ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪ್ರಾಚೀನ ಇಂಗ್ಲಿಷಿನಲ್ಲಿ ಕ್ರಮತಪ್ಪಿದ್ದ 177 ಕ್ರಿಯಾಪದಗಳ ಪೈಕಿ ಮಧ್ಯಕಾಲೀನ ಇಂಗ್ಲಿಷಿನಲ್ಲಿ 145, ಇಂದು 98 ಮಾತ್ರ ಹಾಗೆಯೇ ಉಳಿದಿವೆ. ಉಳಿದವು ಇ-ಡಿಗೆ ಶರಣಾದವು. ‘ಹೆಲ್ಪ್’ ಎಂಬುದರ ಹಳೆಯ ಭೂತರೂಪ ‘ಹೋಲ್ಪ್’ ಎಂದಿದ್ದಿತು. ರೇಡಿಯಂ ಕ್ಷಯಿಸುವಂತೆ ಈ ಪದಗಳಿಗೂ ಅರ್ಧಾಯುಷ್ಯವುಂಟು, ಮತ್ತು ಅದು ಬಳಕೆಯ ಆವರ್ತನದ ವರ್ಗಮೂಲವನ್ನು ಅನುಸರಿಸುತ್ತದೆ. ಒಂದು ಪದವು ಇನ್ನೊಂದಕ್ಕಿಂತ ನೂರರಷ್ಟು ಹೆಚ್ಚು ಬಳಕೆಯಲ್ಲಿದ್ದರೆ ಹತ್ತರಷ್ಟು ಹೆಚ್ಚು ಕಾಲ ತನ್ನ ವಕ್ರತೆಯನ್ನು ಕಾಯ್ದುಕೊಳ್ಳುತ್ತದೆ. ‘ಬಿ’, ‘ಹ್ಯಾವ್’ ಎಂಬಷ್ಟು ಬಳಕೆಯ ಪದಗಳಿಗೆ ಆ ಲೆಕ್ಕವು ಕೊಟ್ಟ ಅರ್ಧಾಯುಷ್ಯ 38,800 ವರ್ಷ! ಕನ್ನಡದಲ್ಲಿಯೂ ಹಾಡಿದ, ಓಡಿದ ಎಂಬ ನೇರ ದಾರಿಯನ್ನು ಬಿಟ್ಟು ಬಂದ, ತಿಂದ, ಹೋದ, ಕೊಟ್ಟ ಎಂದು ಬಾಗಿದವುಗಳು ದಿನವೂ ನಾಲಗೆಯ ಮೇಲಿರುವ ಮಾತುಗಳೇ.

ಕಾಲವನ್ನು ಸೂಚಿಸುವ ಪ್ರತ್ಯಯಗಳಿಗೂ ಸಾವುಂಟು. ಮುಧೋಳದ ರನ್ನನ ಹತ್ತನೆಯ ಶತಮಾನದ ಕನ್ನಡದಲ್ಲಿ ವರ್ತಮಾನಕ್ಕೆ ‘ದಪ’ ಎಂಬುದು ಸೇರಿ ‘ಮಾಡಿದಪಂ’ ಎಂದಾಗುತ್ತಿತ್ತು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಇದನ್ನು ನಿಯಮಿಸಿದ್ದಾನೆ. ಇಂದು ‘ದಪ’ ಇಲ್ಲ. ಅದರ ಪೀಠದಲ್ಲಿ ‘ಮಾಡುತ್ತಾನೆ’ ಕುಳಿತಿದೆ. ಭೂತಕಾಲದ ‘ದ’ ಮಾತ್ರ ಅಂದಿನ ‘ಮಾಡಿದಂ’ನಿಂದ ಇಂದಿನ ‘ಮಾಡಿದನು’ವರೆಗೆ ಅಚ್ಚಳಿಯದೆ ಬಂದಿದೆ.

ಬನಹಟ್ಟಿಯ ಮಗ್ಗದ ಮನೆಯ ಹುಡುಗನಿಗೆ ಮೊದಲು ಬೇಕಾಗುವ ‘ವೀವ್’, ಅಂದರೆ ನೇಯು, ಎಂಬ ಪದವು ದುರ್ದೈವದಿಂದ ಇನ್ನೂ ವಕ್ರವೇ: ‘ವೋವ್’, ‘ವೋವನ್’. ಆದರೆ ಜನಸಂದಣಿಯ ನಡುವೆ ಅತ್ತಿತ್ತ ತಿರುಗುತ್ತ ಸಾಗಿದನೆಂಬ ಅರ್ಥದಲ್ಲಿ ಅದೇ ಪದವು ಈಗಾಗಲೇ ‘ವೀವ್ಡ್’ ಎಂದು ಇ-ಡಿ ತೊಟ್ಟಿದೆ. ಮಗ್ಗದ ಮೇಲೆ ಮಾತ್ರ ಹಳೆಯ ರೂಪವೇ ನಡೆಯುತ್ತಲಿದೆ.